ಯುಜಿನ್ ಮಾಸ್ಟರ ಎಡಗಾಲು

ಯುಜಿನ್ ಮಾಸ್ಟರು ಕುಂಟುತ್ತಿದ್ದರು. ಅವರ ಕಾಲಿಗೆ ಏನೂ ಆಗಿರಲಿಲ್ಲ. ಎರಡು ಸಲ ಎಕ್ಸ್‌ರೇ, ಒಂದು ಸಲ ಸ್ಕ್ಯಾನು ಮಾಡಿಸಿ, ಎಲುಬು, ಕೀಲು, ನರ ಎಲ್ಲವೂ ಐವತ್ತೈದರ ಪ್ರಾಯಕ್ಕೆ ಹೊಟ್ಟೆಕಿಚ್ಚು ಹುಟ್ಟಿಸುವಷ್ಟು ನೆಟ್ಟಗಿವೆ ಎಂದು ವೈದ್ಯರು ಬರೆದುಕೊಟ್ಟ ಮೇಲೂ ಅವರ ಎಡ ಹಿಮ್ಮಡಿ ನೆಲ ಮುಟ್ಟಲು ಒಪ್ಪುತ್ತಿರಲಿಲ್ಲ. ದುಬೈಯ ಕರಾಮದ ನಮ್ಮ ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ ಅವರು ನಡೆದು ಬರುವಾಗ ಒಂದು ಹೆಜ್ಜೆ ಭಾರವಾಗಿ, ಇನ್ನೊಂದು ತೀರ ಹಗುರವಾಗಿ, ಎಳೆಯ ಹುಡುಗಿಯೊಬ್ಬಳದ್ದೆಂಬಂತೆ ಕೇಳುತ್ತಿತ್ತು. ಹೆಂಡತಿ ಕಾರ್ಮಿನ್ ಬಾಯಿ ಬಾಗಿಲು ತೆರೆದು, ಗಂಡನ ಬೆನ್ನ ಹಿಂದೆ ಇಣುಕಿ, “ಒಬ್ರೇ ಬಂದ್ರಾ?” ಎಂದು ಕೇಳುತ್ತಿದ್ದರು. ಮೊದಮೊದಲು ಅದು ತಮಾಷೆಗೆ ಕೇಳಿದ ಮಾತಾಗಿತ್ತು.

ಮಾಸ್ಟರು ಅಲ್ ಬರ್ಷಾದ ಖಾಸಗಿ ಕಾಲೇಜೊಂದರಲ್ಲಿ ಆಟೋಟದ ಮುಖ್ಯಸ್ಥರು. ದುಬೈಯ ಜುಲೈ ತಿಂಗಳ ಬಿಸಿಲಿನಲ್ಲೂ ಮೈಮೇಲಿಂದ ಇಳಿಯದ ಅವರ ನೀಲಿ ಬ್ಲೇಜರು ಕರಾಮದಲ್ಲಿ ಪ್ರಸಿದ್ಧವಾಗಿತ್ತು. ಎಂಬತ್ತರ ದಶಕದಲ್ಲಿ ವಿಶ್ವವಿದ್ಯಾಲಯದ ಪರವಾಗಿ ನಾನ್ನೂರು ಮೀಟರ್ ಓಡಿ ಅವರು ಪಡೆದ ಏಕಮಾತ್ರ ಸಂಭಾವನೆ ಅದು. ತೋಳು ಸವೆದು, ಒಳಗಿನ ಅಸ್ತರು ಎರಡು ಸಲ ಬದಲಾಗಿ, ಗುಂಡಿಗಳಲ್ಲಿ ಒಂದೂ ಮೂಲದ್ದಲ್ಲದ ಆ ಕೋಟನ್ನು ಅವರು ಮಾತಿನ ನಡುವೆ ತಟ್ಟಿ ತೋರಿಸುತ್ತಿದ್ದರು. ಕಾಲೇಜಿನ ಆಟಗಾರರಿಗೆ ವಿದ್ಯಾರ್ಥಿವೇತನದ ಆಚೆ ಏನಾದರೂ ಕೊಡಬೇಕೆಂದು ಯಾರಾದರೂ ಸೊಲ್ಲೆತ್ತಿದರೆ ಸಾಕು, “ನಮಗೆ ಯಾರು ಕೊಟ್ಟಿದ್ರು ಮಾರಾಯ್ರೆ? ಫೀಸಿಲ್ಲ, ಹಾಸ್ಟೆಲುಂಟು, ಊಟ ಉಂಟು. ಖಲಾಸ್!” ಎನ್ನುವರು. ಆ ‘ಖಲಾಸ್’ ಬಿದ್ದ ಮೇಲೆ ಎದುರಾಡಿದವರನ್ನು ನಾವು ಕಂಡಿಲ್ಲ.

ಆದರೆ ಇಷ್ಟು ಗಟ್ಟಿಗರಾದ ಮನುಷ್ಯ ಪ್ರತಿ ಶುಕ್ರವಾರ ಮಧ್ಯಾಹ್ನ, ರಜೆಯ ದಿನ, ಊರೆಲ್ಲ ತಣ್ಣಗಿನ ಕೋಣೆಗಳಲ್ಲಿ ಮಲಗಿರುವ ಹೊತ್ತಿಗೆ, ಕೋಟು ತೊಟ್ಟು ಅಲ್ ಬರ್ಷಾದ ಮೆಟ್ರೋ ನಿಲ್ದಾಣಕ್ಕೆ ಹೋಗಿ ಒಂದು ಗೋಡೆಯ ಮುಂದೆ ನಿಲ್ಲುತ್ತಿದ್ದರು. ಅಲ್ಲಿ ಕಾಲೇಜಿನ ಜಾಹೀರಾತು: ಆಳೆತ್ತರಕ್ಕೆ ಇಮ್ಮಡಿಯಾಗಿ ಓಡುತ್ತಿರುವ ಒಬ್ಬ ಹುಡುಗಿ. ಕತ್ತಿನ ನರ ಸೆಟೆದು, ಹಲ್ಲು ಕಚ್ಚಿ, ಕಣ್ಣು ಅರಳಿಸಿಕೊಂಡು ನೋಡುವವರತ್ತಲೇ ನುಗ್ಗಿ ಬರುವ ಅವಳ ಮುಖವನ್ನು ಎಲ್ಲರೂ ‘ಛಲದ ಮುಖ’ ಎಂದು ಕೊಂಡಾಡಿದ್ದರು. ಮಾಸ್ಟರು ಮುಖ ನೋಡುತ್ತಿರಲಿಲ್ಲ. ಅವರ ದೃಷ್ಟಿ ಆ ಹುಡುಗಿಯ ಎಡ ಹಿಮ್ಮಡಿಯಲ್ಲಿ ನೆಟ್ಟಿರುತ್ತಿತ್ತು. ಗಾಡಿಗಳು ಬಂದು, ಬಾಗಿಲು ತೆರೆದು, ಮುಚ್ಚಿ ಹೋಗುತ್ತಿದ್ದವು.

ಅವಳು ಅಪೊಲೊನಿಯಾ, ಅವರೇ ಆರಿಸಿ ತಂದ ಓಟಗಾರ್ತಿ. ಎರಡು ಸಾವಿರದ ಹನ್ನೆರಡರ ಮೇ ತಿಂಗಳ ಒಂದು ಬೆಳಿಗ್ಗೆ ಜಾಹೀರಾತಿನವರು ಕಾಲೇಜಿನ ಮೈದಾನಕ್ಕೆ ಬಂದರು. ಬಿಸಿಲೇರುವ ಮುಂಚೆಯೇ ಅವಳು, “ಸರ್, ಹಿಮ್ಮಡಿ ಹಿಡ್ದ ಹಾಗೆ ಆಗ್ತದೆ” ಅಂದಿದ್ದಳು. “ಇನ್ನೊಂದೇ ಸಲ ಬಾಯಿ, ನನಗೋಸ್ಕರ” ಎಂದು ಮಗಳನ್ನು ಕರೆದಂತೆ ಕರೆದು ಇವರು ಬೆನ್ನು ತಟ್ಟಿದರು. ಹಾಗೆ ಬೆನ್ನು ತಟ್ಟಿದ್ದು ಇಪ್ಪತ್ತಮೂರು ಸಲ. ಇಪ್ಪತ್ತಮೂರನೆಯ ಸಲ ಒಣ ಪುಳ್ಳೆ ಮುರಿದಂಥ ಒಂದು ಸದ್ದು ಕೇಳಿಸಿತು, ಅದೇ ಗಳಿಗೆಯಲ್ಲಿ ಕ್ಯಾಮರಾ ಕ್ಲಿಕ್ಕಿಸಿತು. ಇಡೀ ನಗರ ಛಲವೆಂದು ಮೆಚ್ಚಿದ್ದು ಹಿಮ್ಮಡಿಯ ನರ ಹರಿದ ಕ್ಷಣದ ಯಾತನೆಯನ್ನು. ಅದು ಗೊತ್ತಿದ್ದವರಲ್ಲಿ ಕಾಲೇಜಿನಲ್ಲಿ ಉಳಿದಿದ್ದವರು ಮಾಸ್ಟರೊಬ್ಬರೇ.

ಓಡದವಳಿಗೆ ವಿದ್ಯಾರ್ಥಿವೇತನವಿಲ್ಲ, ಅದಿಲ್ಲದೆ ಕಾಲೇಜಿನ ವೀಸಾ ಇಲ್ಲ. ತಿಂಗಳೊಪ್ಪತ್ತಿನಲ್ಲಿ ಅಪೊಲೊನಿಯಾ ಕಾಲೇಜಿನಿಂದ ಮಾಯವಾದಳು. ಮಾಸ್ಟರು ಆಸ್ಪತ್ರೆಗೆ ಹೋಗಲಿಲ್ಲ; ನಾಳೆ ಹೋದರಾಯಿತು ಅಂದುಕೊಂಡರು, ಆಮೇಲೆ ನಾಚಿಕೆ ಅಡ್ಡಬಂತು. ಚಿತ್ರ ಮಾತ್ರ ಎಲ್ಲಿಗೂ ಹೋಗಲಿಲ್ಲ. ವರ್ಷವರ್ಷವೂ ಪ್ರವೇಶದ ಕಾಲಕ್ಕೆ ಹೊಸ ಬಣ್ಣದಲ್ಲಿ ಅಚ್ಚಾಗಿ ಗೋಡೆಯೇರುತ್ತಿತ್ತು. ಮೂರನೆಯ ವರ್ಷ, ಅದರ ಮುಂದಿನಿಂದ ಮನೆಗೆ ಹೊರಟ ಮಾಸ್ಟರ ಎಡಗಾಲು ಮೊದಲ ಬಾರಿ ಎಡವಿತು.

ಎರಡು ಸಾವಿರದ ಹದಿನೆಂಟರಲ್ಲಿ, ಆಟಗಾರರಿಗೆ ದುಡ್ಡು ಕೊಡುವ ಹಳೆಯ ಪ್ರಶ್ನೆ ಆಡಳಿತ ಸಮಿತಿಯ ಮುಂದೆ ಬಂತು. ಹೊಸ ಜಾಹೀರಾತಿಗೆ ದುಆ ಎಂಬ ಹತ್ತೊಂಬತ್ತರ ಓಟಗಾರ್ತಿಯನ್ನು ಆರಿಸಿದ್ದರು. ಭಟ್ಕಳದ ವ್ಯಾಪಾರಿ, ಸಮಿತಿಯ ಸದಸ್ಯ ಝಿಯಾಉದ್ದೀನ್ ಸಾಹೇಬರು ಪಟ್ಟು ಹಿಡಿದರು: “ನನ್ನ ಅಂಗಡಿಯಲ್ಲಿ ರಟ್ಟಿನ ಡಬ್ಬ ಹೊರುವವನಿಗೂ ಸಂಬಳ ಉಂಟು. ಈ ಮಗು ಕಾಲೇಜನ್ನೇ ಹೊರ್ತದೆ. ಕೊಡ್ಬೇಕು. ಕಾಲಿಗೇನಾದ್ರೂ ಆದ್ರೆ ಓದು ಮುಗಿಯೋವರೆಗೆ ನೋಡ್ಕೊಳ್ಬೇಕು.” ಸಮಿತಿ ಸಮಸಮವಾಗಿ ಒಡೆಯಿತು. ಮುಂದಿನ ಸಭೆಯಲ್ಲಿ ಕಡೆಯ ಮಾತು ಯುಜಿನ್ ಮಾಸ್ಟರದ್ದೆಂದು ನಿರ್ಧಾರವಾಯಿತು. ಅವರು ಏನು ಹೇಳುತ್ತಾರೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ, ಅವರೊಬ್ಬರ ಹೊರತು.

ಸಭೆಯ ಹಿಂದಿನ ದಿನ ಅವರು ಅಬುಧಾಬಿಯ ಬಸ್ಸು ಹತ್ತಿದರು. ಖಾಲಿದಿಯಾದ ಒಂದು ಆಸ್ಪತ್ರೆಯ ಸ್ವಾಗತದ ಮೇಜಿನಲ್ಲಿ ಅಪೊಲೊನಿಯಾ ಇದ್ದಾಳೆಂದು ಕಾರ್ಮಿನ್ ಬಾಯಿ ಎಂದೋ ಪತ್ತೆ ಮಾಡಿದ್ದರು. ಇಪ್ಪತ್ತಾರರ ಹೆಂಗಸು ತಲೆಯೆತ್ತಿ ನೋಡಿದಳು. ಅದೇ ಮುಖ, ಆದರೆ ಗೋಡೆಯ ಮುಖವೇ ಹೆಚ್ಚು ಜೀವಂತವೆಂದು ಮಾಸ್ಟರಿಗೆ ಅನ್ನಿಸಿತು. ಊಟದ ವೇಳೆಯಲ್ಲಿ ಖಾಲಿ ಬೆಂಚೊಂದರ ಮೇಲೆ ಇಬ್ಬರೂ ಕುಳಿತರು.

“ನಾನು ದುಬೈಗೆ ಬರೂದೇ ಇಲ್ಲ ಸರ್. ನನಗೆ ಪ್ರಾಯ ಆಗ್ತಾ ಉಂಟು, ಗೋಡೆಯ ಮೇಲಿನ ಅವಳಿಗೆ ಇನ್ನೂ ಇಪ್ಪತ್ತೇ. ಅಲ್ಲೇ ಓಡ್ತಾ, ದುಡೀತಾ ಇದ್ದಾಳೆ.”

“ದುಡ್ಡು ಕೊಟ್ಟಿದ್ರೆ ನರ ಹರೀತಿರ್ಲಿಲ್ವಾ?” ಎಂದರು ಮಾಸ್ಟರು, ಹಳೆಯ ಅಭ್ಯಾಸಬಲದಿಂದ.

“ಹರೀತಿತ್ತೋ ಏನೋ. ಆದ್ರೆ ಕೂಲಿಗೆ ಬಂದವಳಾಗಿದ್ರೆ ‘ಸಾಕು, ಇವತ್ತಿನ ಕೆಲ್ಸ ಆಯ್ತು’ ಅಂತ ಎದ್ದು ಹೋಗ್ತಿದ್ದೆ. ನೀವು ಪ್ರೀತಿಯಲ್ಲಿ ಕೇಳಿದ್ರಿ. ಅದಕ್ಕೆ ಇಲ್ಲ ಅಂತ ಹೇಗೆ ಹೇಳೂದು?”

ಮಾಸ್ಟರು ಏಳುವಾಗ ಎಡಗಾಲು ಎಂದಿನಂತೆ ತಡವರಿಸಿತು. ಆಗುತ್ತಿರುವುದನ್ನು ಅವಳಿಗೆ ಹೇಳಿಬಿಟ್ಟರು: ಆ ದಿನ ನಿನ್ನ ಎಡಗಾಲಿನ ನರ ಹರಿಯಿತಲ್ಲ, ಆ ಕಾಲು ನನ್ನ ಮೈಗೆ ಬಂದು ಸೇರಿದೆ ಎಂದು. ಅಪೊಲೊನಿಯಾ ಬಗ್ಗಿ ಬೂಟು ಕಳಚಿದಳು. ಹಿಮ್ಮಡಿಯ ಮೇಲೆ ಗೇಣುದ್ದದ ಹೊಲಿಗೆಯ ಗಾಯ; ಅದು ಅವಳ ಬಲಗಾಲಿನಲ್ಲಿತ್ತು.

“ಅರಬಿ ಅಕ್ಷರ ಬಲಗಡೆಯಿಂದ ಅಲ್ವಾ ಸರ್. ಅದಕ್ಕೆ ಹೊಂದ್ಲಿ ಅಂತ ಫೋಟೋ ತಿರುಗಿಸಿ ಹಾಕಿದ್ದಾರೆ, ಕನ್ನಡಿಯಲ್ಲಿ ಕಂಡ ಹಾಗೆ. ಎದೆಯ ನಂಬರ್ ಅಳಿಸಿ ಕಾಲೇಜಿನ ಮುದ್ರೆ ಹಾಕಿದ ಮೇಲೆ ಯಾರಿಗೆ ಗೊತ್ತಾಗ್ತದೆ? ನಿಮಗೆ ಗೊತ್ತಿರ್ತದೆ ಅಂದ್ಕೊಂಡಿದ್ದೆ.”

ಬಸ್ಸಿನಲ್ಲಿ ಎರಡು ತಾಸು ಮಾಸ್ಟರು ಬಿಳಿಚಿಕೊಂಡು ಕುಳಿತರು. ತನ್ನ ಕಣ್ಣೆದುರೇ ಬಿದ್ದ ಹುಡುಗಿ. ಆರು ವರ್ಷ ಯಾರ ಸಲುವಾಗಿ ಪ್ರಾಯಶ್ಚಿತ್ತ ಮಾಡುತ್ತಿದ್ದೇನೆಂದು ನಂಬಿದ್ದರೋ ಅವಳ ಕಾಲು ಯಾವುದೆಂಬುದೇ ಅವರಿಗೆ ಮರೆತಿತ್ತು. ಹಾಗಾದರೆ ಇಷ್ಟು ಕಾಲ ತನ್ನೊಳಗೆ ಹೆಜ್ಜೆಯಿಟ್ಟವಳು ಯಾರು? ಕಿಟಕಿಯ ಗಾಜಿನಲ್ಲಿ ಅವರ ಪ್ರತಿಬಿಂಬ ಅವರನ್ನೇ ನೋಡುತ್ತಿತ್ತು. ಅವರಿಗೆ ಭಯವಾಯಿತು.

ಮರುದಿನ ಸಭೆಗೆ ಅವರು ಬ್ಲೇಜರಿಲ್ಲದೆ ಬಂದರು. ಚಿತ್ರ ತೆಗೆದ ಬೆಳಗಿನ ಕಥೆಯನ್ನು ಒಂದೂ ಬಿಡದೆ ಹೇಳಿ, “ಅದು ಆಟ ಅಲ್ಲ, ಕೆಲ್ಸ. ನಾನು ಪುಕ್ಕಟೆ ಮಾಡ್ಸಿದೆ. ದುಆಗೆ ಕೊಡಿ. ಅಪೊಲೊನಿಯಾಗೂ ಕೊಡಿ” ಎಂದು ಕುಳಿತರು. ಎಲ್ಲರೂ ‘ಖಲಾಸ್’ಗಾಗಿ ಕಾದರು, ಅದು ಬರಲಿಲ್ಲ. ದುಆಗೆ ಸಂಬಳವೂ ಓದು ಮುಗಿಯುವವರೆಗಿನ ಭದ್ರತೆಯೂ ಮಂಜೂರಾದವು. ಅಪೊಲೊನಿಯಾಳ ವಿಷಯ ಹಳೆಯದಾಯಿತೆಂದು ಕೈಬಿಟ್ಟು, ಗೋಡೆಯಿಂದ ಚಿತ್ರವನ್ನಷ್ಟೆ ಇಳಿಸಿದರು. ಎದ್ದು ಹೊರಟ ಮಾಸ್ಟರನ್ನು ಕಂಡು ಝಿಯಾಉದ್ದೀನ್ ಸಾಹೇಬರು ಹುಬ್ಬೇರಿಸಿದರು. ಎಡ ಹಿಮ್ಮಡಿ ನೆಲದ ಮೇಲೆ ದೃಢವಾಗಿ ಊರುತ್ತಿತ್ತು. ಮೇಲೆದ್ದೇ ಇದ್ದದ್ದು ಬಲ ಹಿಮ್ಮಡಿ. ಆ ಸಂಜೆ ಕಾರ್ಮಿನ್ ಬಾಯಿ ಬಾಗಿಲು ತೆರೆದು ಏನೂ ಕೇಳಲಿಲ್ಲ, ಇಬ್ಬರು ಒಳಬರುವಷ್ಟು ಜಾಗ ಬಿಟ್ಟು ಸರಿದು ನಿಂತರು.

ಇಂಥ ಗುರುಗಳನ್ನು ನಾವು ಬೇರೆ ಕಡೆಯೂ ಕಂಡಿದ್ದೇವೆ. ಒಳ್ಳೆಯವರು, ತಮಗಾಗಿ ಏನನ್ನೂ ಕೇಳದವರು. ತಾವು ಪಡೆಯದ್ದನ್ನು ಬೇರೆಯವರೂ ಪಡೆಯಬಾರದೆಂಬುದನ್ನೇ ಆದರ್ಶವೆಂದು ನಂಬಿ, ಶಿಷ್ಯರನ್ನು ಮನಸಾರೆ ಪ್ರೀತಿಸುತ್ತ ದುಡಿಸಿಕೊಂಡವರು. ಕೂಲಿ ಕೊಡುವವನು ಕಡೇಪಕ್ಷ ಆಳಿನ ಕೈಕಾಲು ಗಟ್ಟಿಯಿದೆಯೇ ಎಂದು ಒಮ್ಮೆ ನೋಡಿಕೊಳ್ಳುತ್ತಾನೆ. ಪ್ರೀತಿಯ ಹೆಸರಿನಲ್ಲಿ ದುಡಿಸುವವನಿಗೆ, ನೊಂದದ್ದು ಯಾವ ಕಾಲು ಎಂಬುದೂ ತಿಳಿದಿರುವುದಿಲ್ಲ.