ಅರ್ಧ ಮಾತ್ರೆ

ಗಂಗಹನುಮಯ್ಯ ಹೊಸಿಲಿಗೆ ಮೊಳೆ ಇಟ್ಟು ಸುತ್ತಿಗೆ ಎತ್ತಿದ್ದೇ ತಡ, ಸಿದ್ದಲಕ್ಷ್ಮಮ್ಮ ಹೊಸಿಲ ಮೇಲೆ ಕೈ ಊರಿ ಕೂತುಬಿಟ್ಟಳು.

"ಮೊದ್ಲು ನನ್ ಕೈಗೆ ಹೊಡೀರಿ ಭಾವ."

ಅವಳ ಗಂಡ, ಗುಬ್ಬಿಯ ಟೈಲರ್ ಬೆಟ್ಟಯ್ಯನ ಹೆಣ ಅಂಗಳದಲ್ಲಿತ್ತು. ಎದೆಗೆ ಕಫ ಕಟ್ಟಿ, ಜ್ವರ ಏರಿ, ನಾಲ್ಕೇ ದಿನದಲ್ಲಿ ಹೋಗಿದ್ದ. ಕುಣಿಗಲ್ಲಿನಿಂದ ಬಂದ ಅಣ್ಣ ಗಂಗಹನುಮಯ್ಯನಿಗೆ ಸಾವಿಗಿಂತ ದೆವ್ವದ ಚಿಂತೆಯೇ ದೊಡ್ಡದಾಗಿತ್ತು.

"ಗಾಳಿ ಮೆಟ್ಟಿದೋನು ಕಣಮ್ಮ. ಗೋಡೆ ಜೊತೆ ಮಾತಾಡ್ತಿದ್ದದ್ದು ನಾನೇ ನೋಡಿವ್ನಿ. ಮೊಳೆ ಹೊಡೀದಿದ್ರೆ ವಾಪಸ್ ಬತ್ತಾನೆ."

"ಬರ್ಲಿ ಬುಡಿ. ಅವರ ಮನೆ ಇದು."

*

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಬೆಟ್ಟಯ್ಯನ ಬಲಗೈ ನಡುಗತೊಡಗಿತ್ತು. ತುಮಕೂರಿನ ಡಾಕ್ಟರು ಕೊಟ್ಟ ಬಿಳಿ ಮಾತ್ರೆಗೆ ನಡುಕ ನಿಂತಿತು. ಆದರೆ ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ತುಕೊಳ್ಳುವ ಬುದ್ಧಿಯ ಮಾತ್ರೆ ಅದು. ಬಾಯಿ ಒಣಗಿತು, ಸೂಜಿಯ ಕಣ್ಣು ಮಸುಕಾಯಿತು. ಸಿದ್ದಲಕ್ಷ್ಮಮ್ಮ ಬೆಳಗ್ಗೆ ಹತ್ತು ಸೂಜಿಗೆ ದಾರ ಪೋಣಿಸಿ, ಮೆಷಿನ್ ಪಕ್ಕ ಒಂದು ಚೊಂಬು ನೀರಿಡುತ್ತಿದ್ದಳು. ಮಲ ಕಟ್ಟಿದರೆ ಬಾಳೆಹಣ್ಣು, ಸೊಪ್ಪಿನ ಸಾರು. ಅಷ್ಟಕ್ಕೆಲ್ಲ ಅವಳು ಜಗ್ಗಲಿಲ್ಲ. ಗೋಡೆಯ ಮೇಲೆ ಮಕ್ಕಳು ಕೂತಿವೆ ಎಂದು ಗಂಡ ಮಾತಾಡಿಸತೊಡಗಿದಾಗ ಮಾತ್ರ ಹೆದರಿದಳು. ಆಗಲೇ ಭಾವ ಬಂದು ನೋಡಿದ್ದು, ತಾಯತ ಕಟ್ಟಿಸಿ ಹೋದದ್ದು.

ಒಮ್ಮೆ ಅಂಗಡಿಯಲ್ಲಿ ಮಾತ್ರೆ ಸಿಗದೆ ಮೂರು ದಿನ ತಪ್ಪಿತು. ಬೆಟ್ಟಯ್ಯ ಕೊರಡಿನಂತೆ ಬಿಗಿದು ಕೂತ. ಆದರೆ ಗೋಡೆಯ ಮೇಲೆ ಯಾರೂ ಇರಲಿಲ್ಲ. ಸಿದ್ದಲಕ್ಷ್ಮಮ್ಮ ಖಾಲಿ ಡಬ್ಬಿ ಹಿಡಿದು ಮೊದಲ ಬಸ್ಸಿಗೇ ತುಮಕೂರಿಗೆ ಹೋದಳು.

"ದೆವ್ವ ಅಲ್ಲಮ್ಮ, ಮಾತ್ರೆ ಹೆಚ್ಚಾಗಿದೆ," ಎಂದರು ಡಾಕ್ಟರು. "ನೀವಾಗಿ ನಿಲ್ಲಿಸ್ಬೇಡಿ. ಅರ್ಧ ಮಾಡಿ ಕೊಡಿ. ಒಂದಕ್ಕೆ ಹೋಗೋದು ಕಟ್ಕೊಂಡ್ರೆ ಅವತ್ತೇ ಕರ್ಕೊಂಡು ಬನ್ನಿ."

ಅಂದಿನಿಂದ ಅವಳು ಬ್ಲೇಡಿನಲ್ಲಿ ಮಾತ್ರೆ ಕತ್ತರಿಸಿದಳು. ಕೈ ತುಸು ನಡುಗಿತು, ಮಕ್ಕಳು ಗೋಡೆ ಬಿಟ್ಟು ಹೋದರು. ಬಟ್ಟೆ ಕತ್ತರಿಸುವುದನ್ನೂ ಅವಳೇ ಕಲಿತಳು, ಅವನು ಹೊಲಿದ.

*

"ಮೂರು ವರ್ಷದಿಂದ ಅವರು ಗೋಡೆ ಕಡೆ ತಿರುಗಿ ನೋಡಿಲ್ಲ," ಎಂದಳು ಸಿದ್ದಲಕ್ಷ್ಮಮ್ಮ. "ಯುಗಾದಿಗೆ ನಿಮ್ಗೆ ಶರ್ಟು ಹೊಲ್ದು ಕಳಿಸಿದ್ದು ಯಾರು ಭಾವ? ದೆವ್ವನಾ?"

ಗಂಗಹನುಮಯ್ಯ ತೊಟ್ಟಿದ್ದ ಶರ್ಟನ್ನು ನೋಡಿಕೊಂಡ. ಗುಂಡಿಪಟ್ಟಿ ಒಂದು ಕಡೆ ಸೊಟ್ಟಗಿತ್ತು. ಅವನು ಮೊಳೆಯನ್ನು ಜೇಬಿಗೆ ಹಾಕಿಕೊಂಡ.

"ಹೊತ್ತಾಯ್ತು, ಬಾಯಿಗೆ ನೀರು ಬುಡಿ," ಎಂದಳು ಪಕ್ಕದ ಮನೆಯ ಪುಟ್ಟತಾಯಮ್ಮ.

ಅಣ್ಣ ಚೊಂಬು ಬಗ್ಗಿಸಿದ.

"ನಿಧಾನ ಭಾವ. ಗುಟುಕು ಗುಟುಕಾಗಿ ಬುಡಿ," ಎಂದ ಸಿದ್ದಲಕ್ಷ್ಮಮ್ಮನಿಗೆ ಅಲ್ಲಿಯವರೆಗೆ ತಡೆದಿದ್ದ ಅಳು ಬಂತು.

ಮಣ್ಣು ಮಾಡಿ ಬಂದ ಮೇಲೆ ಗಂಗಹನುಮಯ್ಯ ಸುತ್ತಿಗೆ ಕೇಳಿದ. ಹೊಸಿಲು ದಾಟಿ ಒಳಗೆ ಹೋಗಿ, ಮೆಷಿನ್ನಿನ ಮೇಲಿನ ಗೋಡೆಗೆ ಮೊಳೆ ಹೊಡೆದ. ಸಿದ್ದಲಕ್ಷ್ಮಮ್ಮ ಗಂಡನ ಅಳತೆ ಟೇಪನ್ನು ಅದಕ್ಕೆ ನೇತುಹಾಕಿ, ಕೆಳಗೆ ಒಂದು ಚೊಂಬು ನೀರಿಟ್ಟಳು.