ಇಂದ್ರಾಣಿ ಮನೆಯ ಚೀಟಿ

ನಂಜನಗೂಡಿನ ಸರ್ವಮಂಗಳಾ ‘ಸಾರು-ಸೌಟು’ ಎಂಬ ಅಡುಗೆ ಬ್ಲಾಗು ಶುರು ಮಾಡಿ ಆರು ವರ್ಷವಾಯಿತು. ಮೊದಲೆರಡು ವರ್ಷ ಅದನ್ನು ಓದುತ್ತಿದ್ದವರು ಅವಳ ಗಂಡ ಮತ್ತು ತಂಗಿ, ಅದೂ ಬಲವಂತಕ್ಕೆ. ಆಮೇಲೆ ಜನ ಸೇರಿದ್ದು ಇವಳ ಕೈರುಚಿ ನೋಡಿ ಅಲ್ಲ, ಸೋಸಲೆಯ ಇಂದ್ರಾಣಿಯಿಂದ. ಈಗ ಸರ್ವಮಂಗಳಾಳೇ ಅದನ್ನು ಒಪ್ಪಿಕೊಳ್ಳುತ್ತಾಳೆ, ಒಪ್ಪಿಕೊಂಡು ಯಾವ ಪ್ರಯೋಜನವೂ ಇಲ್ಲದಿರುವಾಗ.

ಇಂದ್ರಾಣಿಗೆ ಟಿ. ನರಸೀಪುರದ ಕಚೇರಿಯೊಂದರಲ್ಲಿ ಎಸ್‌ಡಿಎ ಕೆಲಸ. ಹೊಸದಾಗಿ ಮದುವೆಯಾದ ಯಾವಳೋ ಹುಡುಗಿ ಮುದ್ದೆ ಗಂಟಾಗುತ್ತದೆ ಎಂದು ಬ್ಲಾಗಿನಲ್ಲಿ ಗೋಳಾಡಿದರೆ, ಸರ್ವಮಂಗಳಾ ಕನ್ನಡಕ ಹುಡುಕುವಷ್ಟರಲ್ಲಿ ಇಂದ್ರಾಣಿ ಉತ್ತರ ಬರೆದಾಗಿರುತ್ತಿತ್ತು. ಮಾರನೆಯ ದಿನ ಮುದ್ದೆ ಸರಿ ಬಂತೋ ಇಲ್ಲವೋ ಎಂದು ವಿಚಾರಿಸುವುದೂ ಅವಳೇ. ಹೀಗೆ ಓದುವವರಿಗೆ ಓದುವವರು ಪರಿಚಯವಾಗಿ, ಹೆರಿಗೆ ಬಾಣಂತನದ ವಿಷಯವನ್ನೂ ಮಾತಾಡಿಕೊಳ್ಳುವಂತಾದರು.

ಚೀಟಿಯ ಯೋಚನೆಯೂ ಇಂದ್ರಾಣಿಯದೇ. ಹತ್ತಿರದ ಊರುಗಳ ಏಳು ಹೆಂಗಸರು, ಏಳು ಚೀಟಿ, ಸರ್ವಮಂಗಳಾಳ ಬಳಿ ಒಂದು ಡಬ್ಬಿ. ತಿಂಗಳಿಗೊಂದು ಎತ್ತುವುದು, ಯಾರ ಹೆಸರು ಬಂತೋ ಅವರ ಮನೆಯಲ್ಲಿ ಒಂದು ಭಾನುವಾರ ಎಲ್ಲರಿಗೂ ಊಟ. ಹೋಗುವವರು ಬರಿಗೈಲಿ ಹೋಗಬೇಕು, ಬಡಿಸಿದ್ದನ್ನು ಉಣ್ಣಬೇಕು. ಎತ್ತಿದ ಚೀಟಿ ಮತ್ತೆ ಡಬ್ಬಿಗಿಲ್ಲ. ಹಾಗಾಗಿ ಯಾರ ಮನೆಯೂ ತಪ್ಪಿಹೋಗುವಂತಿರಲಿಲ್ಲ.

ಮೊದಲ ಊಟ ಸರ್ವಮಂಗಳಾಳ ಮನೆಯಲ್ಲಿ ಚೆನ್ನಾಗಿಯೇ ಆಯಿತು. ಅದಾದ ವಾರಕ್ಕೆ ಇಂದ್ರಾಣಿ ತಾನು ಮಾಡಿದ ಬಸ್ಸಾರಿನ ಫೋಟೋ ಬ್ಲಾಗಿಗೆ ಕಳಿಸಿದಳು. ತಟ್ಟೆಯ ಹಿಂದಿನ ಗೋಡೆಯಲ್ಲಿ ಬುದ್ಧನ ಪಟ, ಪಕ್ಕದಲ್ಲಿ ಬಾಬಾಸಾಹೇಬರ ಪಟ. ಮಾರನೆಯ ಬೆಳಿಗ್ಗೆಯೇ ಚಿಕ್ಕಯ್ಯನಛತ್ರದ ಚೈತ್ರ ಫೋನು ಮಾಡಿದಳು.

“ನಂಗೇನೂ ಇಲ್ಲ ಕಣಕ್ಕ. ಅವರ ಮನೇಲಿ ಉಂಡು ಬಂದೆ ಅಂತ ಗೊತ್ತಾದ್ರೆ ನಮ್ಮತ್ತೆ ಒಳಕ್ಕೆ ಸೇರಿಸಲ್ಲ.”

ಮಧ್ಯಾಹ್ನ ಕವಲಂದೆಯ ವಾಣಿಯ ಫೋನು. ಅವಳಿಗೂ ಏನೂ ಇರಲಿಲ್ಲವಂತೆ, ಮಠಕ್ಕೆ ನಡೆದುಕೊಳ್ಳುವ ಭಾವನದೇ ಯೋಚನೆಯಂತೆ. ಸಂಜೆಯೊಳಗೆ ಇನ್ನಿಬ್ಬರು. ಯಾರಿಗೂ ಏನೂ ಇರಲಿಲ್ಲ, ಎಲ್ಲರಿಗೂ ಒಬ್ಬ ಅತ್ತೆಯೋ ಭಾವನೋ ಇದ್ದರು, ಅಷ್ಟೆ. ಸರ್ವಮಂಗಳಾಳದೂ ವಿಭೂತಿ ಹಚ್ಚಿಕೊಂಡೇ ಒಲೆ ಹಚ್ಚುವ ಮನೆ. ತನಗೂ ಏನೂ ಇಲ್ಲ, ಕಟ್ಟಿದ ಗುಂಪು ಒಡೆಯಬಾರದು ಎಂದು ತನಗೆ ತಾನೇ ಹೇಳಿಕೊಂಡು, ಇಂದ್ರಾಣಿಯ ಚೀಟಿಯನ್ನು ಡಬ್ಬಿಯಿಂದ ತೆಗೆದು ಪರ್ಸಿಗೆ ಹಾಕಿಕೊಂಡಳು. ಒಂದೆರಡು ತಿಂಗಳು ಕಳೆಯಲಿ, ಆಮೇಲೆ ನೋಡೋಣ ಎಂದುಕೊಂಡಳು.

ತಿಂಗಳುಗಳು ಕಳೆದವು. ಇಂದ್ರಾಣಿ ಎಲ್ಲರ ಮನೆಗೂ ಬಂದಳು, ಎಲ್ಲರ ಅಡುಗೆಯನ್ನೂ ಹೊಗಳಿದಳು. ಅವಳು ಬಂದ ಕಡೆಯಲ್ಲೆಲ್ಲ ಊಟ ಹಾಲ್‌ನಲ್ಲೇ ಆಯಿತು, ಅಡುಗೆಮನೆ ನೋಡಿ ಬನ್ನಿ ಎಂದು ಯಾರೂ ಕರೆಯಲಿಲ್ಲ. ಪ್ರತಿ ಸಲ ಚೀಟಿ ಎತ್ತುವಾಗಲೂ ಅವಳು ಕುತ್ತಿಗೆ ಮುಂದೆ ಚಾಚುವಳು. ತನ್ನದಲ್ಲವೆಂದಾಗ, ಆಗಲಿ, ಅಮ್ಮನಿಗೆ ಇನ್ನೊಂದು ತಿಂಗಳು ಪುರುಸೊತ್ತು ಸಿಕ್ಕಿತು ಎಂದು ನಗುವಳು.

ಆರನೆಯ ಊಟ ವಾಣಿಯ ಮನೆಯಲ್ಲಿ. ಎಲೆ ಎತ್ತಿದ ಮೇಲೆ ಇಂದ್ರಾಣಿ ಹೇಳಿದಳು: “ಇನ್ನು ಎತ್ತೋದೇನೈತೆ ಅಕ್ಕ, ನಮ್ಮನೆದೊಂದೇ ಉಳ್ದಿರೋದು.”

ಮನೆಗೆ ಸುಣ್ಣ ಬಣ್ಣ ಆಗಿತ್ತಂತೆ. ಏಳು ಹೊಸ ಸ್ಟೀಲ್ ತಟ್ಟೆ ತಂದಿದ್ದಳಂತೆ. ಅವಳ ತಾಯಿ ಮಂಗಳಮ್ಮ ಬೀದಿಗೆಲ್ಲ ಸಾರಿಕೊಂಡು ಬಂದಿದ್ದರಂತೆ. ಏಳರಲ್ಲಿ ಆರು ಕಳೆದರೆ ಒಂದು ಉಳಿಯುತ್ತದೆಂಬುದು ಸರ್ವಮಂಗಳಾಳ ಜಾಣ ತಲೆಗೆ ಹೊಳೆದಿರಲೇ ಇಲ್ಲ. ಅವಳು ಡಬ್ಬಿ ಕೈಗೆತ್ತಿಕೊಂಡಳು. ಏಳನ್ನೂ ಮತ್ತೆ ಹಾಕಿ ಹೊಸ ಸುತ್ತು ಶುರು ಮಾಡಿದರೆ ತಮಾಷೆಯಾಗಿರುತ್ತದೆ ಎಂದು ತೊದಲಿ, ಚೀಟಿಗಳನ್ನು ಡಬ್ಬಿಗೆ ಹಾಕಿ ಕುಲುಕಿದಳು. ಚೈತ್ರಳ ಹೆಸರು ಬಂತು. ಉಳಿದವರೆಲ್ಲ ಸೆರಗು ಸರಿಮಾಡಿಕೊಳ್ಳುತ್ತ ಕೂತರು.

“ಏಳೂ ಆಕಿದ್ರಾ ಅಕ್ಕ?” ಇಂದ್ರಾಣಿ ಕೇಳಿದಳು.

“ಹೂಂ, ಹಾಕಿದೀನಲ್ಲ.”

ಇಂದ್ರಾಣಿ ಡಬ್ಬಿಗೆ ಕೈ ಹಾಕಲಿಲ್ಲ. ಹಾಕಿದ್ದರೆ ಆರರ ಬದಲು ಐದೇ ಚೀಟಿ ಸಿಗುತ್ತಿದ್ದವು, ಅವಳದು ಇನ್ನೂ ಪರ್ಸಿನಲ್ಲೇ ಇತ್ತು. ಸರ್ವಮಂಗಳಾಳ ಮರ್ಯಾದೆ ಉಳಿಸಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದಳು.

ಮತ್ತೆ ಬರಲಿಲ್ಲ, ಬರೆಯಲೂ ಇಲ್ಲ. ಬ್ಲಾಗಿನಲ್ಲಿ ಯಾರೋ ಹುಡುಗಿ ಹುಳಿಯನ್ನಕ್ಕೆ ಉಪ್ಪು ಜಾಸ್ತಿಯಾಗಿದೆ ಎಂದು ಕೇಳಿದ ಪ್ರಶ್ನೆ ಒಂಬತ್ತು ದಿನ ಹಾಗೇ ಬಿದ್ದಿತ್ತು. ಒಬ್ಬೊಬ್ಬರಾಗಿ ಜನ ಕಡಿಮೆಯಾದರು. ಸರ್ವಮಂಗಳಾಳಿಗೆ ಜನ ಹೋದರೆಂಬ ಸಂಕಟಕ್ಕಿಂತ ಆ ‘ಹೂಂ’ ಎಂಬ ಒಂದು ಮಾತು ಹೆಚ್ಚು ಸುಡುತ್ತಿತ್ತು. ನಾಲ್ಕು ತಿಂಗಳು ತಡೆದಳು. ಅವರೆಕಾಯಿ ಕಾಲದ ಒಂದು ಭಾನುವಾರ, ನೆಂಟರ ಮನೆಯ ನಾಮಕರಣವೆಂದು ಗಂಡನಿಗೆ ಹೇಳಿ, ಸೋಸಲೆಗೆ ಹೋದಳು.

ಬಾಗಿಲಲ್ಲಿ ಅವಳನ್ನು ಕಂಡ ಇಂದ್ರಾಣಿ ಒಳಗೆ ಕರೆದಳು. ಊಟಕ್ಕೆಂದೇ ಬಂದೆ ಎಂದು ಸರ್ವಮಂಗಳಾ ಹೇಳಿದಾಗ ಮಂಗಳಮ್ಮ ಸೀದಾ ಒಲೆ ಕಡೆ ಹೋದರು. ಮುದ್ದೆ, ಹಿದುಕಿದ ಬೇಳೆ ಸಾರು, ಬಿಸಿ ಅನ್ನ. ಅಂಥ ಸಾರನ್ನು ಸರ್ವಮಂಗಳಾ ಜನ್ಮದಲ್ಲಿ ಉಂಡಿರಲಿಲ್ಲ. ಉಣ್ಣುತ್ತಲೇ ಅಳು ಬಂತು. ಚೀಟಿ ತೆಗೆದವಳು ನಾನೇ, ತಪ್ಪಾಯಿತು, ಮತ್ತೆ ಬಾ ಎಂದಳು.

ಇಂದ್ರಾಣಿ ಇನ್ನೊಂದು ಸೌಟು ಸಾರು ಹಾಕಿದಳು. “ಅವತ್ತೇ ಗೊತ್ತಿತ್ತು ಬುಡಿ ಅಕ್ಕ. ಇವತ್ತು ಇಲ್ಲಿಗೆ ಬತ್ತೀನಿ ಅಂತ ಯಾರಿಗೇಳಿ ಬಂದ್ರಿ?”

ಸರ್ವಮಂಗಳಾ ತುತ್ತು ನುಂಗಿದಳು. ಇಂದ್ರಾಣಿ ಮತ್ತೆ ಕೇಳಲಿಲ್ಲ, ಕೈ ತೊಳೆಯಲು ನೀರು ಕೊಟ್ಟಳು, ಬಸ್ ಸ್ಟಾಪಿನವರೆಗೂ ಬಂದು ಬಸ್ಸು ಹತ್ತಿಸಿದಳು.

ಬಸ್ಸಿನಲ್ಲಿ ಕೂತು ಸರ್ವಮಂಗಳಾ ಫೋನು ತೆಗೆದು ಬರೆದಳು. ಬೇಳೆ ಹಿದುಕುವ ಬಗೆ, ಖಾರದ ಹದ, ಮಂಗಳಮ್ಮ ಮುದ್ದೆ ತಿರುವಿದ ರೀತಿ, ಒಂದನ್ನೂ ಬಿಡಲಿಲ್ಲ. ‘ಇಂದು ನಾನು ಉಂಡಿದ್ದು’ ಎಂದು ಬರೆದು ನಿಲ್ಲಿಸಿದಳು. ಬಸ್ಸು ನಂಜನಗೂಡು ಸೇರುವವರೆಗೂ ಆ ಸಾಲು ಅಲ್ಲೇ ನಿಂತಿತ್ತು. ಕೊನೆಗೆ ಮಂಗಳಮ್ಮನ ಹೆಸರನ್ನೂ ಅಳಿಸಿ, ‘ಗೆಳತಿಯೊಬ್ಬರ ಮನೆಯಲ್ಲಿ’ ಎಂದು ಸೇರಿಸಿ ಪೋಸ್ಟ್ ಮಾಡಿಬಿಟ್ಟಳು.

ಎಷ್ಟೋ ತಿಂಗಳ ಮೇಲೆ ಬ್ಲಾಗಿಗೆ ಜೀವ ಬಂತು. ಎಲ್ಲರಿಗಿಂತ ಮೊದಲು ಚೈತ್ರ ಬರೆದಿದ್ದಳು: ‘ಬಾಯಲ್ಲಿ ನೀರು ಬಂತು ಅಕ್ಕ. ಯಾರ ಮನೆ ಅದು? ನಮ್ಮನ್ನೂ ಒಂದಿನ ಕರ್ಕೊಂಡು ಹೋಗಿ.’

ಸರ್ವಮಂಗಳಾ ಅದಕ್ಕೆ ಇನ್ನೂ ಉತ್ತರ ಬರೆದಿಲ್ಲ.