ಐವತ್ತು ಮಿಲಿಸೆಕೆಂಡಿನ ಬಿಡುವು

ಚೌಕಾಸಿ ಮಾಡದೆ ಯಾವುದನ್ನೂ ಒಪ್ಪಿಕೊಳ್ಳುವುದು ಮಡೆಪ್ಪನವರಿಗೆ ಗೊತ್ತಿಲ್ಲ. ಬದನೆಕಾಯಿ ಇರಲಿ, ಅಂಗಡಿ ಬಾಡಿಗೆ ಇರಲಿ, ಹೇಳಿದ್ದರ ಅರ್ಧದಿಂದಲೇ ಅವರ ಮಾತು ಶುರು. ಬೀದರಿನಲ್ಲಿ ಅವರದೊಂದು ರಕ್ತಪರೀಕ್ಷೆಯ ಲ್ಯಾಬ್. ಭಾಲ್ಕಿ, ಔರಾದಗಳಲ್ಲಿ ಒಂದೊಂದು ಕೌಂಟರ್. ಅದರ ಸಾಫ್ಟ್‌ವೇರ್ ಬರೆದವಳು ನಾನು, ಸುಮನ. ಎರಡು ವರ್ಷದಿಂದ ಟೆಂಪರರಿ. ಖಾಯಂ ಮಾಡಿ ಎಂದಾಗಲೆಲ್ಲ ಒಂದೇ ಉತ್ತರ: "ಸ್ವಲ್ಪ ತಡೀರಿ, ಮೇಡಂ."

ಕೌಂಟರಿನ ಕಂಪ್ಯೂಟರುಗಳು "ಹೊಸ ರಿಪೋರ್ಟ್ ಬಂತಾ?" ಎಂದು ಬೀದರಿನ ಡೇಟಾಬೇಸನ್ನು ಕೇಳುತ್ತಲೇ ಇರುತ್ತವೆ. ಒಮ್ಮೆ ಕೇಳಿದ ಮೇಲೆ ಐವತ್ತು ಮಿಲಿಸೆಕೆಂಡ್ ಸುಮ್ಮನಿರಲಿ ಎಂದು ಬರೆದಿದ್ದೆ. ರೆಪ್ಪೆ ಬಡಿಯುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಅದು ಹೇಗೋ ಮಡೆಪ್ಪನವರ ಕಿವಿಗೆ ಬಿತ್ತು.

"ಐವತ್ತ್ ಯಾಕ್ರಿ? ಇಪ್ಪತ್ತ್ ಮಾಡ್ರಿ."

ಮಾಡಿದೆ. ಖಾಯಂ ಆಗಲು ಅವರ ಸಹಿ ಬೇಕಿತ್ತಲ್ಲ. ಇಪ್ಪತ್ತು ಹತ್ತಾಯಿತು, ಹತ್ತು ಐದಾಯಿತು. ಕೊನೆಗೆ ಪೂರಾ ತೆಗೆಯಿರಿ ಎಂದರು.

"ಆಗಂಗಿಲ್ರಿ ಸರ್. ಬಿಡುವಿಲ್ದ ಕೇಳ್ಕೋತ ಕುಂತ್ರ ಅದು ಉತ್ತರಾ ಕೊಡೂದ್ರಾಗೇ ಇರ್ತದ. ರಿಪೋರ್ಟ್ ಯಾವಾಗ ಬರ್ಕೋಬೇಕ್ರಿ?"

"ನಮ್ಮ ಮಂದಿಗಿ ನಾ ಬೆನ್ನ ಹತ್ತಿ ಕೇಳ್ತೇನಿ. ಕೆಲಸ ಆಗ್ತದೊ ಇಲ್ಲೊ?"

ನಾನು ಜಗ್ಗಲಿಲ್ಲ. ಅವರ ಹೆಂಡತಿಯ ತಮ್ಮ ಸಂಜುಕುಮಾರ ಲ್ಯಾಬಿನ ಮ್ಯಾನೇಜರ್. ಮರುದಿನ ಅವನೇ ಸಾಫ್ಟ್‌ವೇರಿನಿಂದ ಬಿಡುವಿನ ಆ ಸಾಲನ್ನು ಅಳಿಸಿದ.

ಮಧ್ಯಾಹ್ನದೊಳಗೆ ಡೇಟಾಬೇಸ್ ಇದ್ದ ಸರ್ವರ್ ಕೈಚೆಲ್ಲಿ ಕೂತಿತು. ಔರಾದದ ಕೌಂಟರಿನಿಂದ ಮಚ್ಛೇಂದ್ರ ಫೋನ್ ಮಾಡಿದ. "ಖತೀಜಾ ಬೇಗಂ ಅವರ ಮೊಮ್ಮಗಂದು ಡೆಂಗಿ ರಿಪೋರ್ಟ್ ಇನ್ನಾ ಬಂದಿಲ್ರಿ. ಡಾಕ್ಟರ್ ಅದಕ್ಕೇ ಕಾಯ್ಲತ್ತಾರ. ಮುಂಜಾನಿಂದ ಕುಂತಾರ್ರಿ ಪಾಪ, ಏನ್ ಹೇಳ್ಲಿ?"

ಅಳಿಸಿದ ಸಾಲನ್ನು ಮತ್ತೆ ಬರೆದೆ. ಐವತ್ತೇ, ಚೌಕಾಸಿಯಿಲ್ಲ. ರಿಪೋರ್ಟುಗಳು ಸರಸರ ಹೋದವು. ಖತೀಜಾ ಬೇಗಂ ಅವರ ಮೊಮ್ಮಗನದರಲ್ಲಿ ಡೆಂಗಿ ಹೌದು ಎಂದಿತ್ತು. ಆ ಮಗುವನ್ನು ಸಂಜೆಯೊಳಗೆ ಬೀದರಿನ ಆಸ್ಪತ್ರೆಗೆ ತಂದರು. ಅರ್ಧ ದಿನ ಸುಮ್ಮನೆ ಹಾಳಾಗಿತ್ತು.

ಸಂಜೆ ಲ್ಯಾಬಿನಲ್ಲಿ ಪೇಢಾ ಹಂಚಿದರು. "ನಮ್ಮ ಸಂಜು ಎಲ್ಲಾ ಸರಿ ಮಾಡ್ಯಾನ. ಇನ್ಮ್ಯಾಲ ಕಂಪ್ಯೂಟರ್ ಕೆಲಸಕ್ಕೆಲ್ಲಾ ಅವನೇ ಮುಖ್ಯ," ಎಂದರು ಮಡೆಪ್ಪನವರು. ಸಂಜುಕುಮಾರ ಇನ್ನೊಂದು ಪೇಢಾ ಬಾಯಿಗೆ ಹಾಕಿಕೊಂಡ.

"ನನ್ನ ಖಾಯಂ ಮಾಡೂದು, ಸರ್?"

"ಸ್ವಲ್ಪ ತಡೀರಿ, ಮೇಡಂ."

"ಎಷ್ಟ್ ತಡೀಲ್ರಿ? ಮಷಿನ್‌ಗೆ ಐವತ್ತ್ ಅಂತ ಹೇಳೇನಿ. ನನಗೂ ಒಂದ್ ಲೆಕ್ಕಾ ಹೇಳ್ರಿ."

ಇಬ್ಬರೂ ನಕ್ಕರು. ಪೇಢಾವನ್ನು ಮೇಜಿನ ಮೇಲೆಯೇ ಬಿಟ್ಟು, ಮನೆಗೆ ಹೋಗಲು ಭಾಲ್ಕಿಯ ಬಸ್ಸು ಹತ್ತಿದೆ. ಊರು ದಾಟುವ ಮೊದಲೇ ಮಡೆಪ್ಪನವರ ಫೋನು ಬಂತು.

"ಆ ಐವತ್ತ್ ಭಾಳ ಆಯ್ತಂತ ಸಂಜು ಅಂತಾನ್ರಿ. ನಾಳಿ ಬಂದಕೂಡ್ಲೆ ಇಪ್ಪತ್ತ್ ಮಾಡ್ರಿ."

"ಆಯ್ತ್ರಿ, ಸರ್," ಎಂದೆ. ಹಾಗೆ ಅಂದ ನನ್ನ ಬಾಯಿಯ ಮೇಲೆ ನನಗೇ ಹೇಸಿಗೆಯಾಯಿತು.